ಪಾಠ ಯೋಜನೆ ಬರೆಯುವ ಕೈಗೆ ಯಂತ್ರದ ನೆರವು

ಹೋದ ವರ್ಷದ ಪಾಠ ಯೋಜನೆಗೆ ಹೊಸ ತಾರೀಕು ಹಾಕಿ ನಕಲು ಮಾಡುವುದು, ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಪಿಡಿಎಫ್ ನೋಡಿ ಬರೆದುಕೊಳ್ಳುವುದು ಶಾಲೆಗಳಲ್ಲಿ ಗುಟ್ಟೇನಲ್ಲ. ಮುಖ್ಯ ಶಿಕ್ಷಕರ ಸಹಿ ಬೀಳಬೇಕು, ಶಾಲೆ ನೋಡಲು ಬರುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ಪುಸ್ತಕ ಮೇಜಿನ ಮೇಲಿರಬೇಕು. ಇದನ್ನು ಸೋಮಾರಿತನ ಎನ್ನುವವರು ಒಂದು ವಾರ ಆ ಕುರ್ಚಿಯಲ್ಲಿ ಕೂತು ನೋಡಲಿ.

ಈ ಬರವಣಿಗೆಯ ಬೇರು ಜರ್ಮನಿಯಲ್ಲಿದೆ. ಅಲ್ಲಿನ ಶಿಕ್ಷಣ ಚಿಂತಕ ಹರ್ಬಾರ್ಟ್ (1776–1841) ವಿಚಾರಗಳನ್ನು ಅವರ ಅನುಯಾಯಿಗಳು ಪಾಠ ಮಾಡುವ ಐದು ಹಂತಗಳಾಗಿ ಕಟ್ಟಿದರು, ನಮ್ಮ ಬಿ.ಇಡಿ. ಕಾಲೇಜುಗಳು ಅದನ್ನು ಬಾಯಿಪಾಠ ಮಾಡಿಸಿದವು. ಕಲಿಕೆಯ ಉದ್ದೇಶಗಳನ್ನು ಹಂತಹಂತವಾಗಿ ವಿಂಗಡಿಸಿದ 1956ರ ಬ್ಲೂಮ್ ವರ್ಗೀಕರಣದ ಪ್ರಭಾವದಿಂದ ಉದ್ದೇಶಗಳ ಕಾಲಂ ಸೇರಿತು. ಮಗು ತಾನೇ ಜ್ಞಾನ ಕಟ್ಟಿಕೊಳ್ಳುತ್ತದೆ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ ಮೇಲೆ ವಿಜ್ಞಾನದವರಿಗೆ ‘5ಇ’ ಮಾದರಿ (ಕುತೂಹಲ ಕೆರಳಿಸುವುದು, ಹುಡುಕಾಟ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಹಂತ) ರೂಢಿಯಾಯಿತು. 2017ರಲ್ಲಿ ಕೇಂದ್ರ ಸರ್ಕಾರದ ಡಿಜಿಟಲ್ ಕಲಿಕಾ ವೇದಿಕೆ ದೀಕ್ಷಾ ಬಂತು, ಪಠ್ಯಪುಸ್ತಕಕ್ಕೆ ಕ್ಯುಆರ್ ಕೋಡ್ ಹತ್ತಿತು. ಸಾಮಗ್ರಿ ರಾಶಿ ಬಿತ್ತಾದರೂ ನಾಳೆಯ ಪೀರಿಯಡ್‌ಗೆ ಬೇಕಾದ್ದನ್ನು ಹೆಕ್ಕುವ ಕೆಲಸ ಶಿಕ್ಷಕರ ತಲೆಯ ಮೇಲೆಯೇ ಉಳಿಯಿತು.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಿಡುಗಡೆಯಾಯಿತು. ಮರುವರ್ಷವೇ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಶಿಕ್ಷಣ ಫೌಂಡೇಶನ್ ಸೇರಿ, ಕೃತಕ ಬುದ್ಧಿಮತ್ತೆಯಿಂದ ಪಾಠ ಯೋಜನೆಯ ಕರಡು ಬರೆದುಕೊಡುವ ‘ಶಿಕ್ಷಾ ಕೋಪೈಲಟ್’ ಅನ್ನು ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಕ್ಕಿಟ್ಟವು. ಬರಿಯ ಚಾಟ್‌ಬಾಟ್ ನಮ್ಮ ಪಠ್ಯದಲ್ಲಿಲ್ಲದ್ದನ್ನೂ ಧೈರ್ಯವಾಗಿ ಹೇಳಿಬಿಡುತ್ತದೆ. ಅದಕ್ಕೇ ಇಲ್ಲಿ ಯಂತ್ರಕ್ಕೆ ಪಠ್ಯಪುಸ್ತಕದ ಆಧಾರ ಕೊಟ್ಟು, ಕನ್ನಡ, ಇಂಗ್ಲಿಷ್ ಎರಡರಲ್ಲೂ ಬಂದ ಕರಡನ್ನು ನುರಿತವರು ತಿದ್ದಿ, ಆಮೇಲೆ ಶಿಕ್ಷಕರ ಕೈಗೆ ಕೊಡುವ ಏರ್ಪಾಡು ಮಾಡಿದರು. ನನ್ನ ಮಟ್ಟಿಗೆ ಇಡೀ ಯೋಜನೆಯ ಜೀವ ಈ ತಿದ್ದುವಿಕೆಯಲ್ಲೇ ಇದೆ.

ಘರ್ಷಣೆಯ ಪಾಠವನ್ನೇ ತೆಗೆದುಕೊಳ್ಳಿ. ಯಂತ್ರ ಸ್ಪ್ರಿಂಗ್ ತಕ್ಕಡಿ ಕೇಳಬಹುದು. ಶಾಲೆಯಲ್ಲಿರುವುದು ತುಕ್ಕು ಹಿಡಿದದ್ದೊಂದೇ. ಕ್ಯಾರಂ ಬೋರ್ಡಿಗೆ ಪೌಡರ್ ಹಾಕಿ ಸ್ಟ್ರೈಕರ್ ಹೊಡೆಸುವುದು, ಪೌಡರ್ ಒರೆಸಿ ಮತ್ತೆ ಹೊಡೆಸುವುದು, ಎರಡು ಸಲವೂ ಅದು ಸರಿದ ದೂರವನ್ನು ಮಕ್ಕಳೇ ಸ್ಕೇಲಿನಿಂದ ಅಳೆಯುವುದು: ಈ ಬದಲಾವಣೆ ಶಿಕ್ಷಕರಿಗೆ ಥಟ್ಟನೆ ಹೊಳೆಯುತ್ತದೆ. ಹಳ್ಳಿಯ ಶಾಲೆಯಾದರೆ ಗಾಡಿಯ ಅಚ್ಚಿಗೆ ಕೀಲೆಣ್ಣೆ ಯಾಕೆ ಹಾಕುತ್ತಾರೆ ಎಂದೂ ಕೇಳಬಹುದು. ಪದಗಳದ್ದು ಬೇರೆಯೇ ತಾಪತ್ರಯ. ಈ ಯಂತ್ರಗಳು ಕಲಿತದ್ದು ಹೆಚ್ಚಾಗಿ ಇಂಗ್ಲಿಷಿನಿಂದ, ಹಾಗಾಗಿ ಕನ್ನಡ ಪದಗಳಲ್ಲಿ ಎಡವಬಹುದು. ‘ವೇಗ’ (ವೆಲಾಸಿಟಿ), ‘ಜವ’ (ಸ್ಪೀಡ್) ಅದಲುಬದಲಾದರೆ ಭೌತಶಾಸ್ತ್ರವೇ ತಪ್ಪುತ್ತದೆ.

1,043 ಶಿಕ್ಷಕರನ್ನು ಒಳಗೊಂಡ ಅಧ್ಯಯನವೊಂದು ಈ ಪ್ರಯೋಗದ ಫಲವನ್ನು ನೋಡಿದೆ. ಯೋಜನೆ ಬರೆಯುವ ಸಮಯ ಇಳಿದಿದೆ, ಒತ್ತಡ ತಗ್ಗಿದೆ, ಪಾಠ ಚಟುವಟಿಕೆಯ ಕಡೆಗೆ ವಾಲಿದೆ. ಆದರೆ ಸಹಿಗೆ ಬೇಕಾದ ಕಾಗದ ತುಂಬಿಸಲೂ ಅದೇ ಉಪಕರಣ ಬಳಕೆಯಾಗಿದೆ. ಶಿಕ್ಷಕರ ಕೊರತೆ, ಕಚೇರಿ ಕೆಲಸಗಳು ದೊಡ್ಡ ಬದಲಾವಣೆಗೆ ಅಡ್ಡ ನಿಂತಿವೆ ಎಂಬುದನ್ನೂ ಅಧ್ಯಯನ ಮುಚ್ಚಿಟ್ಟಿಲ್ಲ. ಗಣಿತ, ವಿಜ್ಞಾನ ಎರಡಕ್ಕೂ ಒಬ್ಬರೇ ಇರುವ ಶಾಲೆಯಲ್ಲಿ ಯೋಜನೆಯೇನೋ ಬೇಗ ಸಿದ್ಧವಾದೀತು. ಕ್ಯಾರಂ ಬೋರ್ಡು ಹೊರಗೆ ತರುವಷ್ಟರಲ್ಲಿ ‘ಈಗಲೇ ಮಾಹಿತಿ ಕಳಿಸಿ’ ಎಂದು ಫೋನು ಬರುತ್ತದೆ.