ಸಿಡಿಗೆ ಹಾಡು ಹಾಕುವಾಗ ಎಂಬಿ ನೋಡ್ಬೇಡಿ, ನಿಮಿಷ ನೋಡಿ

ಡಿಸೆಂಬರ್ ಬಂತು ಅಂದ್ರೆ ಹಾಸನದಲ್ಲಿ ಸ್ಕೂಲ್ ಡೇ ಸೀಸನ್, ನಮ್ಮ ಅಂಗಡಿಗೆ ಡ್ಯಾನ್ಸ್ ಟೀಚರ್‌ಗಳು ಬರೋ ಸೀಸನ್ನೂ ಅದೇ. ಕಂಪ್ಲೇಂಟ್ ಮಾತ್ರ ಎಲ್ಲರದ್ದೂ ಒಂದೇ. "ಸಾರ್, ಮನೇಲಿ ಲ್ಯಾಪ್‌ಟಾಪಲ್ಲಿ ಚೆನ್ನಾಗೇ ಓಡ್ತು, ಸ್ಕೂಲಿನ ಪ್ಲೇಯರ್‌ಗೆ ಹಾಕಿದ್ರೆ ನೋ ಡಿಸ್ಕ್ ಅಂತಿದೆ, ಸಿಡಿ ಡೂಪ್ಲಿಕೇಟಾ?" ಡೂಪ್ಲಿಕೇಟಲ್ಲ ಮೇಡಂ, ನೀವು ಮಾಡಿರೋದು ಡೇಟಾ ಸಿಡಿ, ಅಂದ್ರೆ ಫೈಲ್‌ಗಳನ್ನ ಹಂಗೇ ತುಂಬಿದ್ದು, ಆ ಹಳೇ ಪ್ಲೇಯರ್‌ಗೆ ಬೇಕಾಗಿರೋದು ಆಡಿಯೋ ಸಿಡಿ. ಇವೆರಡೂ ಬೇರೆ ಬೇರೆ ಅನ್ನೋದನ್ನ ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ.

ಪೆನ್‌ಡ್ರೈವ್ ಇರುವಾಗ ಸಿಡಿ ಯಾರಿಗೆ ಬೇಕು ಅನ್ನೋರು ಒಂದ್ಸಲ ಸಕಲೇಶಪುರದ ಕಡೆ ಇನ್ನೂ ಸಿಡಿನೇ ಹಾಕ್ಕೊಂಡು ಓಡೋ ಎಸ್ಟೇಟ್ ಜೀಪುಗಳನ್ನ ನೋಡ್ಕೊಂಡು ಬನ್ನಿ. ಇರಲಿ.

ಆಡಿಯೋ ಸಿಡಿ ಹೇಗಿರಬೇಕು ಅಂತ ಫಿಲಿಪ್ಸ್, ಸೋನಿ ಎರಡೂ ಸೇರಿ 1980ರಲ್ಲೇ ರೂಲ್ ಮಾಡಿಬಿಟ್ಟಿದ್ದಾರೆ. ಸೆಕೆಂಡಿಗೆ 44,100 ಸ್ಯಾಂಪಲ್ (ಅಂದ್ರೆ ಅಷ್ಟು ಸಲ ಶಬ್ದದ ಅಳತೆ), ಒಂದೊಂದೂ 16 ಬಿಟ್, ಎಡಕ್ಕೊಂದು ಬಲಕ್ಕೊಂದು ಚಾನೆಲ್. ಹಾಡನ್ನ ಕುಗ್ಗಿಸಿ ಇಡೋ ಫೈಲಿಗೆ ಎಂಪಿ3 ಅನ್ನೋ ಹೆಸರು ಬಂದಿದ್ದೇ 1995ರಲ್ಲಿ, ಹಂಗಿರುವಾಗ ಹಳೇ ಕಾಲದ ಪ್ಲೇಯರ್‌ಗೆ ಅದು ಏನಂತ ಗೊತ್ತಾಗುತ್ತೆ ಹೇಳಿ. ನಿಮ್ಮ ಎಂಪಿ3 ಹಾಡನ್ನ ಆಡಿಯೋ ಸಿಡಿ ಮಾಡುವಾಗ ಸಾಫ್ಟ್‌ವೇರು ಅದನ್ನ ಬಿಚ್ಚಿ ಈ ಲೆಕ್ಕಕ್ಕೆ ತರುತ್ತೆ, ಆಗ ನಿಮಿಷಕ್ಕೆ ಹತ್ತು ಎಂಬಿಗಿಂತ ಸ್ವಲ್ಪ ಜಾಸ್ತೀನೇ ಆಗುತ್ತೆ. ಸಂಡಿಗೆ ಥರ ಅಂದ್ಕೊಳ್ಳಿ, ಒಣಗಿದ್ದು ಡಬ್ಬದ ತುಂಬ ಹಿಡಿಯುತ್ತೆ, ಕರಿದ ಮೇಲೆ ಅದೇ ಡಬ್ಬಕ್ಕೆ ಕಾಲು ಭಾಗಾನೂ ಹೋಗಲ್ಲ. ಅದಕ್ಕೇ ಆಡಿಯೋ ಸಿಡಿಗೆ ಎಂಬಿ ಲೆಕ್ಕ ಹಿಡಿಯಲೇಬಾರದು. ಸಿಡಿ ಮೇಲೆ 700 ಎಂಬಿ ಪಕ್ಕದಲ್ಲೇ 80 ಮಿನಿಟ್ಸ್ ಅಂತಾನೂ ಬರೆದಿರುತ್ತಲ್ಲ, ನಿಮಗೆ ಬೇಕಾದ್ದು ಅದು. ನಾಲ್ಕೂವರೆ ನಿಮಿಷದ ಹಾಡಾದ್ರೆ ಹದಿನೇಳು, ಅಷ್ಟೇ.

ಆಲೂರು ಕಡೆಯವರೊಬ್ರು ಹಳೇ ಕಾರು ತಗೊಂಡಿದ್ರು, ಪೆನ್‌ಡ್ರೈವಲ್ಲಿ ನೂರೈವತ್ತು ಹಾಡು ತಂದು ಎಲ್ಲಾ ಒಂದೇ ಸಿಡಿಗೆ ಹಾಕ್ಕೊಡಿ ಅಂದ್ರು. ಆಗಲ್ಲ, ಹದಿನೇಳೇ ಹಿಡಿಯೋದು ಅಂದೆ. "ಯಾಕಣ್ಣ ಆಗಲ್ಲ, ನಮ್ ಬಾಮೈದಂಗೆ ಚನ್ನರಾಯಪಟ್ಣದಾಗೆ ಹಾಕ್ಕೊಟ್ಟವ್ರಲ್ಲ, ನೀನೊಬ್ಬ ಹದಿನೇಳು ಅಂತೀಯ" ಅಂತ ನನ್ನನ್ನೇ ಕಳ್ಳನ ಥರ ನೋಡಿದ್ರು. ಅವರ ಬಾಮೈದನ ಸ್ಟೀರಿಯೋ ಎಂಪಿ3 ಓದುತ್ತೆ, ಅದಕ್ಕೆ ಡೇಟಾ ಸಿಡಿ ಸಾಕು, ನೂರೈವತ್ತು ಹಾಡು ಆರಾಮಾಗಿ ಹಿಡಿಯುತ್ತೆ. ಇವರದ್ದು ಓದಲ್ಲ. ಹೊರಗೆ ಹೋಗಿ ಕಾರಿನ ಸ್ಟೀರಿಯೋ ಮುಖ ತೋರಿಸಿದೆ, ಎಂಪಿ3 ಅನ್ನೋ ಅಕ್ಷರ ಎಲ್ಲೂ ಇಲ್ಲ. ಆಮೇಲೆ ಪಾಪ ಎರಡು ಸಿಡಿ ಮಾಡಿಸ್ಕೊಂಡು ಹೋದ್ರು, ಅದ್ರಲ್ಲಿ ಒಂದು ಪೂರ್ತಿ ಮಂಜುನಾಥಸ್ವಾಮಿ ಭಕ್ತಿಗೀತೆ. ನೀವೂ ಮೊದಲು ಪ್ಲೇಯರ್ ಮುಖ ನೋಡಿ. ಎಂಪಿ3 ಅಂತ ಬರೆದಿದ್ರೆ ನೂರಕ್ಕೆ ನೂರು ಓಡುತ್ತೆ ಅಂತ ನಾನೇನೂ ಗ್ಯಾರಂಟಿ ಕೊಡಲ್ಲ, ಲೆನ್ಸ್ ವೀಕಾಗಿರಬಹುದು, ಫೋಲ್ಡರ್ ಒಳಗೆ ಫೋಲ್ಡರ್ ಇದ್ರೆ ಕೆಲವು ತಡವರಿಸ್ತವೆ. ಬರೆದಿಲ್ಲ ಅಂದ್ರೆ ಮಾತ್ರ ಆಡಿಯೋ ಸಿಡಿನೇ ಮಾಡಿ.

ಜನ ಎಡವೋದು ಎಲ್ಲಿ ಅಂತಲೂ ಹೇಳ್ತೀನಿ. ವಿಂಡೋಸಲ್ಲಿ ಫೈಲ್‌ಗಳನ್ನ ಸಿಡಿ ಡ್ರೈವ್‌ಗೆ ಎಳೆದು ಹಾಕಿದ್ರೆ ಎರಡು ಆಯ್ಕೆ ಕೇಳುತ್ತೆ, 'ಲೈಕ್ ಎ ಯುಎಸ್‌ಬಿ ಫ್ಲಾಶ್ ಡ್ರೈವ್' ಮತ್ತೆ 'ವಿತ್ ಎ ಸಿಡಿ/ಡಿವಿಡಿ ಪ್ಲೇಯರ್'. ಎರಡನೇದು ನೋಡಿದ ತಕ್ಷಣ ಹಾ ಇದೇ ನಮಗೆ ಬೇಕಾಗಿದ್ದು ಅಂತ ಒತ್ತಿಬಿಡ್ತಾರೆ, ಆದ್ರೆ ಅದೂ ಡೇಟಾ ಸಿಡಿನೇ ಸ್ವಾಮಿ! ಆ ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ವಿಂಡೋಸ್ ಮೀಡಿಯಾ ಪ್ಲೇಯರ್ ತೆಗೆದು, ಬರ್ನ್ (ಅಂದ್ರೆ ಸಿಡಿಗೆ ಬರೆಯೋದು) ಟ್ಯಾಬಿಗೆ ಹೋಗಿ, ಬರ್ನ್ ಆಪ್ಷನ್ಸಲ್ಲಿ ಆಡಿಯೋ ಸಿಡಿಗೆ ಟಿಕ್ ಇದೆಯಾ ನೋಡ್ಕೊಂಡು ಆಮೇಲೆ ಶುರು ಮಾಡಿ. ಹಾಡು ಜಾಸ್ತಿಯಾದ್ರೆ ಅದೇ ಎರಡನೇ ಡಿಸ್ಕಿಗೆ ಭಾಗ ಮಾಡಿ ತೋರಿಸುತ್ತೆ.

ಸರಿಯಾಗಿ ಆಗಿದೆಯಾ ಅಂತ ನೋಡೋಕೆ ಸಿಡಿನ ಮತ್ತೆ ಕಂಪ್ಯೂಟರಿಗೇ ಹಾಕಿ. ಟ್ರ್ಯಾಕ್01.ಸಿಡಿಎ, ಟ್ರ್ಯಾಕ್02.ಸಿಡಿಎ ಅಂತ ಕಂಡ್ರೆ ಅದು ಆಡಿಯೋ ಸಿಡಿ. ಹಾಡಿನ ಹೆಸರು, ಮುಂದೆ ಎಂಪಿ3 ಅಂತ ಕಂಡ್ರೆ ಡೇಟಾ.

ಈ ಸಿಡಿಎ ಫೈಲ್ ಇನ್ನೊಂದು ಗೋಳು. ಒಬ್ರು ರಿಟೈರ್ಡ್ ಮೇಷ್ಟ್ರು ಮನೇಲಿದ್ದ ದೇವರನಾಮದ ಸಿಡಿಗಳನ್ನೆಲ್ಲ ತಾವೇ ಪೆನ್‌ಡ್ರೈವಿಗೆ ಕಾಪಿ ಮಾಡಿದ್ರು, "ಎರಡೇ ಸೆಕೆಂಡಿಗೆ ಮುಗೀತಪ್ಪ" ಅಂತ ಖುಷಿ ಬೇರೆ, ಆಮೇಲೆ ಒರಿಜಿನಲ್ ಸಿಡಿಗಳನ್ನ ಅರಸೀಕೆರೆಯ ಮಗಳ ಮನೆಗೆ ಕಳಿಸಿಬಿಟ್ರು. ಪೆನ್‌ಡ್ರೈವಲ್ಲಿ ಹಾಡೇ ಇಲ್ಲ. ಯಾಕಂದ್ರೆ ಆ ಸಿಡಿಎ ಅನ್ನೋದು ಬರೀ 44 ಬೈಟ್, ಹಾಡು ಡಿಸ್ಕಿನ ಎಲ್ಲಿದೆ ಅಂತ ತೋರಿಸುತ್ತೆ ಅಷ್ಟೇ, ಹಾಡು ಅದರೊಳಗಿಲ್ಲ. ಕಾಪಿ ಅಲ್ಲ ಮೇಷ್ಟ್ರೇ, ರಿಪ್ ಮಾಡಬೇಕು, ಅಂದ್ರೆ ಸಾಫ್ಟ್‌ವೇರಲ್ಲಿ ಹಾಡನ್ನ ಸಿಡಿಯಿಂದ ಫೈಲಾಗಿ ತೆಗೀಬೇಕು ಅಂದೆ. ಮಗಳಿಗೆ ಫೋನ್ ಮಾಡಿ ಬಸ್ಸಲ್ಲಿ ವಾಪಸ್ ತರಿಸ್ಕೊಂಡ್ರು, ಪುಣ್ಯ.

ಮಿಕ್ಕಿದ್ದೆಲ್ಲ ಸಣ್ಣಪುಟ್ಟದ್ದು. ವಾಟ್ಸಾಪಲ್ಲಿ ಬಂದ ವಾಯ್ಸ್ ಓಪಸ್ ಅನ್ನೋ ಬೇರೆ ಥರದ ಫೈಲು, ಹೆಸರಿನ ಕೊನೇಲಿ ಎಂಪಿ3 ಅಂತ ತಿದ್ದಿದ ಮಾತ್ರಕ್ಕೆ ಅದು ಎಂಪಿ3 ಆಗಲ್ಲ, ಕನ್ವರ್ಟ್ ಮಾಡಿ. ಸಿಡಿ-ಆರ್‌ಡಬ್ಲ್ಯೂ ಅಳಿಸಿ ಮತ್ತೆ ಬಳಸಬಹುದು ನಿಜ, ಆದ್ರೆ ಬೆಳಕು ಕಮ್ಮಿ ಪ್ರತಿಫಲಿಸೋದ್ರಿಂದ ಹಳೇ ಪ್ಲೇಯರ್‌ಗಳು ಅದನ್ನ ಹೆಚ್ಚಾಗಿ ಓದಲ್ಲ, ಒಂದೇ ಸಲ ಬರೆಯೋ ಸಿಡಿ-ಆರ್ ತಗೊಳ್ಳಿ. ಡಿಸ್ಕ್ ಫೈನಲೈಸ್ ಮಾಡದೆ, ಅಂದ್ರೆ ಬರೆಯೋದನ್ನ ಪೂರ್ತಿ ಮುಗಿಸಿ ಮುಚ್ಚದೆ, ತೆಗೀಬೇಡಿ. ಹಾಡು ಮಧ್ಯೆ ಮಧ್ಯೆ ಹಾರ್ತಿದ್ರೆ ಬರ್ನ್ ಮಾಡೋ ಸ್ಪೀಡ್ ಇಳಿಸಿ ಇನ್ನೊಂದು ಡಿಸ್ಕಲ್ಲಿ ಟ್ರೈ ಮಾಡಿ, ಸಾಮಾನ್ಯವಾಗಿ ಸರಿಹೋಗುತ್ತೆ. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪಲ್ಲಿ ಬರ್ನ್ ಮಾಡೋಕೆ ಹೋಗ್ಬೇಡಿ, ಅರ್ಧಕ್ಕೆ ಕರೆಂಟ್ ಹೋದ್ರೆ ಆ ಸಿಡಿ ಎಸೆಯೋದೇ.

ಹಾಂ, ಸಿಡಿ ಮೇಲೆ ಮಗುವಿನ ಫೋಟೋ ಸ್ಟಿಕ್ಕರ್ ಅಂಟಿಸಿ ಕಾರಿನ ಸ್ಟೀರಿಯೋಗೆ ತೂರಿಸಬೇಡಿ. ಬಿಸಿಗೆ ಸ್ಟಿಕ್ಕರ್ ಎದ್ದು ಒಳಗೇ ಸಿಕ್ಕಾಕೊಳ್ಳುತ್ತೆ. ಅದನ್ನ ಬಿಚ್ಚೋದು ಕಾರ್ ಸ್ಟೀರಿಯೋದವ್ರ ಕೆಲಸ, ನನ್ನ ಹತ್ರ ತರಬೇಡಿ.