ಗೇ ಪಾತ್ರ, ಸ್ಟ್ರೈಟ್ ನಟ: ಸಂದರ್ಶನಗಳನ್ನು ಓದುವುದು ಹೇಗೆ

ಗೇ (ಸಲಿಂಗಕಾಮಿ) ಪಾತ್ರ ಮಾಡಿದ ಸ್ಟ್ರೈಟ್ (ಸಲಿಂಗಕಾಮಿಯಲ್ಲದ) ನಟ ಬಿಡುಗಡೆಯ ವಾರ ಕೊಟ್ಟ ಸಂದರ್ಶನವನ್ನೂ ಹತ್ತಿಪ್ಪತ್ತು ವರ್ಷ ಕಳೆದ ಮೇಲಿನ ಸಂದರ್ಶನವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಮೊದಲನೆಯದರಲ್ಲಿ ಟಿಕೆಟ್ ಮಾರುವ ಅವಸರ ಇರುತ್ತದೆ. ಆದ್ದರಿಂದ ಮೊದಲು ಇಸವಿ ಬರೆದುಕೊಳ್ಳಿ, ಆಮೇಲೆ ಕೇಳಿದ ಪ್ರಶ್ನೆ. ಪ್ರಶ್ನೆ ಬಿಟ್ಟು ಉತ್ತರವನ್ನಷ್ಟೇ ಎತ್ತಿಕೊಂಡರೆ ದಾರಿ ತಪ್ಪುತ್ತೇವೆ: 'ಚುಂಬನ ದೃಶ್ಯ ಕಷ್ಟವಾಯಿತೇ?' ಎಂದು ಕೇಳಿದರೆ ನಟ ತನ್ನ ಮುಜುಗರದ ಬಗ್ಗೆಯೇ ಮಾತಾಡುತ್ತಾನೆ, ಪಾತ್ರ ಪಕ್ಕಕ್ಕೆ ಸರಿಯುತ್ತದೆ.

ಮುಂದಿನ ಕೆಲಸ, ಪ್ರತಿ ವಾಕ್ಯದ ಎದುರು ಅದು ಯಾರ ಬಗ್ಗೆ ಎಂದು ಗುರುತು ಹಾಕುವುದು: ತನ್ನ ಬಗ್ಗೆಯೋ, ಪಾತ್ರದ ಬಗ್ಗೆಯೋ, ಪ್ರೇಕ್ಷಕರ ಬಗ್ಗೆಯೋ. 'ಧೈರ್ಯ ಮಾಡಿದೆ' ಎಂಬುದು ಮೊದಲ ಗುಂಪಿನದು, ಎಲ್ಲಕ್ಕಿಂತ ಪೊಳ್ಳು ಮಾತು ಕೂಡ.

ವಿಲ್ ಸ್ಮಿತ್ 1993ರ ಚಿತ್ರವೊಂದರಲ್ಲಿ ಗಂಡಸಿಗೆ ಮುತ್ತಿಡಲು ಒಪ್ಪಲಿಲ್ಲ. ಊರಿನ ಗೆಳೆಯರು ಏನೆಂದುಕೊಳ್ಳುತ್ತಾರೋ ಎಂಬ ಅಳುಕಿತ್ತು, ಅದು ತನ್ನ ಅಪ್ರಬುದ್ಧತೆ ಎಂದು ಆಮೇಲೆ ಒಪ್ಪಿಕೊಂಡರು. ಅದೇ ವರ್ಷ ಬಂದ 'ಫಿಲಡೆಲ್ಫಿಯಾ'ದಲ್ಲಿ ಏಡ್ಸ್ ಪೀಡಿತ ಗೇ ವಕೀಲನ ಪಾತ್ರಕ್ಕೆ ಟಾಮ್ ಹ್ಯಾಂಕ್ಸ್ ಆಸ್ಕರ್ ಪಡೆದರು. 2022ರಲ್ಲಿ ಅವರು ಆಡಿದ ಮಾತು ನಮ್ಮ ಅಭ್ಯಾಸಕ್ಕೆ ಬಹಳ ಒದಗುತ್ತದೆ: ಜನ ಆ ಸಿನಿಮಾಕ್ಕೆ ಹೆದರದಿರಲು ಆ ಪಾತ್ರದಲ್ಲಿ ತಾನಿದ್ದದ್ದೂ ಒಂದು ಕಾರಣ, ಇಂದು ಸ್ಟ್ರೈಟ್ ನಟ ಅದನ್ನು ಮಾಡಿದರೆ ಜನ ಒಪ್ಪಲಾರರು, ಅದು ಸರಿಯೇ. ಇಲ್ಲಿ ಧೈರ್ಯದ ಜಂಬವೂ ಇಲ್ಲ, ಕ್ಷಮೆಯ ನಾಟಕವೂ ಇಲ್ಲ. ತನ್ನ ಜನಪ್ರಿಯತೆ ಆಗ ಯಾವ ಕೆಲಸಕ್ಕೆ ಬಂತು ಎಂಬ ಲೆಕ್ಕ ಇದೆ.

2018ರಲ್ಲಿ ಎರಡು ನಿಲುವುಗಳು ಎದುರುಬದುರಾದವು. ಗೇ ನಟನ ಪಾತ್ರ ಕಸಿಯುವ ಇನ್ನೊಬ್ಬ ಸ್ಟ್ರೈಟ್ ಹುಡುಗ ತಾನಾಗಲಾರೆ ಎಂದರು ಅಮೆರಿಕದ ನಟ ಡ್ಯಾರೆನ್ ಕ್ರಿಸ್ (ಅಂಥ ಪಾತ್ರಕ್ಕೆ ಟಿವಿಯ ದೊಡ್ಡ ಪ್ರಶಸ್ತಿ ಎಮ್ಮಿ ಬಂದ ಮೇಲೆ ಹೇಳಿದ್ದು ಎಂಬುದನ್ನೂ ಬರೆದಿಟ್ಟುಕೊಳ್ಳಿ). ತನ್ನ ಅನುಭವಕ್ಕೆ ಹೊರಗಿನ ಪಾತ್ರ ಮಾಡುವ ಹಕ್ಕಿಗಾಗಿ ಕೊನೆತನಕ ಹೋರಾಡುವೆ ಎಂದರು ನಟಿ ಕೇಟ್ ಬ್ಲಾಂಚೆಟ್. ಮೊದಲನೆಯದು ಅವಕಾಶದ ಪ್ರಶ್ನೆ, ಎರಡನೆಯದು ಕಲೆಯ ಪ್ರಶ್ನೆ. ಒಂದಕ್ಕೆ ಇನ್ನೊಂದು ಉತ್ತರವಲ್ಲ. ಈ ಚರ್ಚೆ ಹಳಿ ತಪ್ಪುವುದು ಬಹುಪಾಲು ಇಲ್ಲೇ.

ತಾನೇ ಹೇಳಿಕೊಳ್ಳದ ನಟನಿಗೆ ಟಿಪ್ಪಣಿಯಲ್ಲಿ 'ಸ್ಟ್ರೈಟ್' ಎಂಬ ಚೀಟಿ ಅಂಟಿಸಬೇಡಿ. 'ಹಾರ್ಟ್‌ಸ್ಟಾಪರ್' ಸರಣಿಯ ನಟ ಕಿಟ್ ಕಾನರ್, ನೀನು ಯಾರೆಂದು ಹೇಳು ಎಂಬ ಜನರ ಕಾಟ ತಾಳಲಾರದೆ 2022ರಲ್ಲಿ, 18ನೇ ವಯಸ್ಸಿನಲ್ಲಿ, ತಾನು ಬೈಸೆಕ್ಷುಯಲ್ (ಗಂಡು, ಹೆಣ್ಣು ಇಬ್ಬರತ್ತಲೂ ಒಲವುಳ್ಳವನು) ಎಂದು ಟ್ವಿಟರ್‌ನಲ್ಲಿ ಬರೆಯಬೇಕಾಯಿತು.

ಮಾತಿನಷ್ಟೇ ಹಣವನ್ನೂ ನೋಡಿ. 2023ರ ಮಲಯಾಳಂ ಚಿತ್ರ 'ಕಾದಲ್'ನಲ್ಲಿ ಪಂಚಾಯಿತಿ ಉಪಚುನಾವಣೆಗೆ ನಿಂತ ಗೇ ಗೃಹಸ್ಥನ ಪಾತ್ರ ಮಾಡಿದ ಮಮ್ಮುಟ್ಟಿ, ಚಿತ್ರವನ್ನು ನಿರ್ಮಿಸಿದ್ದೂ ತಮ್ಮದೇ ಸಂಸ್ಥೆಯಿಂದ. ಸಂದರ್ಶನದಲ್ಲಿ ಆಡುವ ಹತ್ತು ಮಾತಿಗಿಂತ ಇದು ಗಟ್ಟಿ ಹೇಳಿಕೆ.

ಕನ್ನಡದ ಉದಾಹರಣೆ ಹುಡುಕುವಾಗ ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ತಂದ 'ನಾನು ಅವನಲ್ಲ... ಅವಳು' ಚಿತ್ರವನ್ನು ಈ ಪಟ್ಟಿಗೆ ಸೇರಿಸುವವರಿದ್ದಾರೆ. ಅದು ಟ್ರಾನ್ಸ್ ಮಹಿಳೆಯ (ಗಂಡಾಗಿ ಹುಟ್ಟಿ ತಾನು ಹೆಣ್ಣೆಂದು ಗುರುತಿಸಿಕೊಂಡವಳ) ಪಾತ್ರ, ಗೇ ಪಾತ್ರವಲ್ಲ. ಅದಕ್ಕೆ ಬೇರೆ ಪುಟ ತೆರೆಯಿರಿ.