ರಾತ್ರಿಯಿಡೀ ಬ್ಲಾಕ್ ಹೀಟರ್ ಹಾಕಿಡಲೇಬೇಕೇ?

ಪ್ರಶ್ನೆ: ನಮ್ಮ ಡೀಸೆಲ್ ಮೋಟರ್‌ಹೋಮ್‌ನಲ್ಲಿ ಬ್ಲಾಕ್ ಹೀಟರ್ (ಇಂಜಿನ್ ಬ್ಲಾಕಿನೊಳಗಿನ ಕೂಲಂಟ್ ದ್ರವವನ್ನು ಕರೆಂಟಿನಿಂದ ಬಿಸಿ ಮಾಡುವ ಹೀಟರ್) ಇದೆ. ಹೊರಗೆ ಮೈನಸ್ 15 ಡಿಗ್ರಿ, ಬೆಳಿಗ್ಗೆ 7ಕ್ಕೆ ಹೊರಡಬೇಕು. ಹಿಂದಿನ ರಾತ್ರಿಯೇ ಪ್ಲಗ್ ಹಾಕಿ ಮಲಗಬೇಕೇ?

ಉತ್ತರ: ಬೇಡ. 3 ಗಂಟೆಗೆ ಆನ್ ಆಗುವಂತೆ ಟೈಮರ್ ಇಟ್ಟು ನೆಮ್ಮದಿಯಾಗಿ ಮಲಗಿ. ನಾಲ್ಕು ಗಂಟೆ ಹೊತ್ತು ಇಂಜಿನ್ ಬಿಸಿಯಾದರೆ ಸಾಕು.

ಚಳಿ ಬಿತ್ತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಉತ್ತರ ಕೊಟ್ಟರೂ ಮುಂದಿನ ಚಳಿಗೆ ಮತ್ತೆ ಅದೇ. ‘ಹೆಚ್ಚು ಹೊತ್ತು ಹಾಕಿಟ್ಟಷ್ಟೂ ಇಂಜಿನ್ ಹೆಚ್ಚು ಬಿಸಿಯಾಗುತ್ತದೆ’ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿ ಬೇರೂರಿದೆ. ಬರೀ ಬಾಯಿಮಾತಲ್ಲಿ ಹೇಳಿದರೆ ಅದು ಹೋಗುವುದಿಲ್ಲ, ಹಾಗಾಗಿ ಲೆಕ್ಕವನ್ನೇ ಬಿಡಿಸಿಡುತ್ತೇನೆ.

ತಳದಲ್ಲಿ ತೂತಿರುವ ಕೊಡಕ್ಕೆ ನಲ್ಲಿ ಬಿಟ್ಟಿದ್ದೀರಿ ಎಂದುಕೊಳ್ಳಿ. ಮೊದಲು ನೀರು ಬೇಗ ಏರುತ್ತದೆ. ಏರಿದಷ್ಟೂ ತೂತಿನಿಂದ ಹೋಗುವ ರಭಸವೂ ಹೆಚ್ಚುತ್ತದೆ. ಒಂದು ಮಟ್ಟ ಮುಟ್ಟಿದ ಮೇಲೆ ಬಂದಷ್ಟೂ ಹೊರಗೆ ಹೋಗುತ್ತದೆ, ಕೊಡ ತುಂಬುವುದೇ ಇಲ್ಲ. ಇಂಜಿನ್ ಬ್ಲಾಕ್ ಇಂಥದ್ದೇ ಕೊಡ. ಹೀಟರ್ ಕೊಡುವ ಶಾಖ ಒಂದೇ ಸಮ, ಆದರೆ ಬ್ಲಾಕ್ ಬಿಸಿಯಾದಷ್ಟೂ ಸುತ್ತಲಿನ ಗಾಳಿಗೆ ಹೋಗುವ ಶಾಖ ಹೆಚ್ಚುತ್ತದೆ.

ಈಗ ಅಂಕಿಗಳು. ಸುಮಾರು 400 ಕೆಜಿ ಕಬ್ಬಿಣ, 20 ಲೀಟರ್ ಕೂಲಂಟ್, ಹದಿನಾಲ್ಕು ಲೀಟರ್ ಆಯಿಲ್ ಇರುವ ಇಂಜಿನ್‌ನ ಉಷ್ಣತೆ ಒಂದು ಡಿಗ್ರಿ ಏರಲು ಹೆಚ್ಚುಕಡಿಮೆ 280 ಕಿಲೋಜೂಲ್ ಬೇಕು. 750 ವಾಟ್ ಹೀಟರ್ ಗಂಟೆಗೆ 2,700 ಕಿಲೋಜೂಲ್ ಕೊಡುತ್ತದೆ. ಏನೂ ಸೋರದಿದ್ದರೆ ಗಂಟೆಗೆ ಹತ್ತು ಡಿಗ್ರಿಯ ಹತ್ತಿರ ಏರಬೇಕು. ಆದರೆ ಸೋರುತ್ತದಲ್ಲ! ಬಯಲಲ್ಲಿ ನಿಂತ ಗಾಡಿಯಲ್ಲಿ ಬ್ಲಾಕಿನ ಉಷ್ಣತೆ ಹೊರಗಿನ ಚಳಿಗಿಂತ 27 ಡಿಗ್ರಿಯಷ್ಟು ಮೇಲೇರಿ ನಿಲ್ಲುತ್ತದೆ ಎಂದು ಹಿಡಿದರೆ, ಮೊದಲ ಗಂಟೆಯಲ್ಲಿ 8 ಡಿಗ್ರಿ, ನಾಲ್ಕು ಗಂಟೆಗೆ ಒಟ್ಟು 20 ಡಿಗ್ರಿ. ಅಂದರೆ ಮೈನಸ್ 15ರಲ್ಲಿದ್ದ ಬ್ಲಾಕ್ ಪ್ಲಸ್ 5ಕ್ಕೆ ಬಂತು. ಹನ್ನೆರಡು ಗಂಟೆ ಬಿಟ್ಟರೆ? ಪ್ಲಸ್ 11, ಬಹಳವೆಂದರೆ 12. ಕೊನೆಯ ಎಂಟು ಗಂಟೆ ಕೊಟ್ಟದ್ದು ಆರೇಳು ಡಿಗ್ರಿ. ವಿದ್ಯುತ್ ಮಾತ್ರ 3 ಯೂನಿಟ್ ಇದ್ದದ್ದು 9 ಆಯಿತು.

ಆ ಆರೇಳು ಡಿಗ್ರಿಯೂ ಸ್ಟಾರ್ಟಿಂಗ್‌ಗೆ ಹೆಚ್ಚೇನೂ ಕೊಡುವುದಿಲ್ಲ. ಡೀಸೆಲ್ ಹೊತ್ತಿಕೊಳ್ಳುವುದು ಸಿಲಿಂಡರಿನಲ್ಲಿ ಅದುಮಿದ ಗಾಳಿಯ ಬಿಸಿಗೆ. ಕಬ್ಬಿಣ ಮೈನಸ್ 15ರಲ್ಲಿದ್ದರೆ ಆ ಬಿಸಿಯನ್ನು ಗೋಡೆಗಳೇ ಹೀರಿಬಿಡುತ್ತವೆ. ಪ್ಲಸ್ 5ರಲ್ಲಿ ಆರೋಗ್ಯವಾಗಿರುವ ಯಾವ ಡೀಸೆಲ್ ಇಂಜಿನ್ನೂ ಸಲೀಸಾಗಿ ಹೊತ್ತಿಕೊಳ್ಳುತ್ತದೆ. ಅಲ್ಲಿಂದ ಮೇಲಿನದ್ದು ಬರೀ ಸಮಾಧಾನಕ್ಕೆ.

9 ಲೀಟರಿನ ದೊಡ್ಡ ಇಂಜಿನ್‌ಗೆ 1,000 ಅಥವಾ 1,500 ವಾಟ್‌ನ ಹೀಟರ್ ಇರುತ್ತದೆ, ಅಲ್ಲಿ ನಾಲ್ಕೈದು ಗಂಟೆ ಕೊಡಿ. ಮೈನಸ್ 30ರ ಚಳಿಯಲ್ಲಿ, ಅಥವಾ ಯಾವ ಹೊತ್ತಿಗೆ ಹೊರಡಬೇಕಾದೀತೋ ಗೊತ್ತಿಲ್ಲದಿದ್ದರೆ ಮಾತ್ರ ರಾತ್ರಿಯಿಡೀ ಹಾಕಿಡುವುದಕ್ಕೆ ಅರ್ಥವಿದೆ. ಉಳಿದಂತೆ, ಇನ್ನಷ್ಟು ಬಿಸಿ ಬೇಕೆನಿಸಿದರೆ ಗಂಟೆ ಹೆಚ್ಚಿಸಬೇಡಿ, ಕೊಡದ ತೂತು ಮುಚ್ಚಿ. ಗಾಳಿ ಬೀಸುವ ಕಡೆಗೆ ಇಂಜಿನ್ ಬರದಂತೆ ಗಾಡಿ ನಿಲ್ಲಿಸಿ, ರೇಡಿಯೇಟರ್ ಎದುರಿಗೆ ದಪ್ಪ ಹೊದಿಕೆ ಕಟ್ಟಿ. ಹೊರಡುವ ಮುಂಚೆ ಅದನ್ನು ಬಿಚ್ಚಲು ಮರೆಯಬೇಡಿ.

ಹೀಟರ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಸುಲಭ. ಪ್ಲಗ್ ಹಾಕಿ, ಇಂಜಿನ್ ಪಕ್ಕ ಒಂದೆರಡು ನಿಮಿಷ ಕಿವಿಗೊಟ್ಟು ನಿಲ್ಲಿ. ಕಾಯಲಿಟ್ಟ ನೀರು ಕುದಿಯುವ ಮುಂಚೆ ಸಣ್ಣಗೆ ‘ಸುಂಯ್’ ಎನ್ನುವ ಹಾಗೆ ಬ್ಲಾಕಿನೊಳಗಿಂದ ಸದ್ದು ಬರುತ್ತದೆ. ಬರದಿದ್ದರೆ ಪ್ಲಗ್ ಕಿತ್ತು ಅದರ ಎರಡು ಪಿನ್ನಿಗೆ ಮಲ್ಟಿಮೀಟರ್ ಹಿಡಿಯಿರಿ. 120 ವೋಲ್ಟ್‌ನ 750 ವಾಟ್ ಎಲಿಮೆಂಟ್ ಆದರೆ 19 ಓಮ್, 230 ವೋಲ್ಟ್‌ನದಾದರೆ 70 ಓಮ್ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ವೈರು ಕಡಿದಿದೆ, ಇಲ್ಲವೇ ಎಲಿಮೆಂಟ್ ಸುಟ್ಟಿದೆ. ಮೊದಲು ವೈರು ನೋಡಿ. ರಸ್ತೆಯ ಉಪ್ಪು, ನೀರು ತಗುಲಿ ಪಿನ್ ತುಕ್ಕು ಹಿಡಿಯುವುದೇ ಹೆಚ್ಚು. ಆ ಎರಡರಲ್ಲಿ ಯಾವುದೇ ಪಿನ್ನಿಗೂ ಅರ್ತ್‌ಗೂ ನಡುವೆ ಕಂಟಿನ್ಯುಯಿಟಿ (ಕರೆಂಟ್ ಹರಿಯುವ ದಾರಿ) ಸಿಕ್ಕರೆ ಆ ಹೀಟರ್ ಮತ್ತೆ ಪ್ಲಗ್ ಹಾಕುವ ಹಾಗೇ ಇಲ್ಲ. ಕೂಲಂಟ್ ಬದಲಿಸಿದ ಮೇಲೆ ಇಂಜಿನ್ ಓಡಿಸಿ ಒಳಗಿನ ಗಾಳಿ ಹೊರಹಾಕದೆ ಹೀಟರ್ ಹಾಕಿದರೂ ಕಥೆ ಮುಗಿಯಿತು. ಕೂಲಂಟ್‌ನಲ್ಲಿ ಮುಳುಗಿರದ ಎಲಿಮೆಂಟ್ ನೋಡನೋಡುತ್ತಿದ್ದಂತೆ ಸುಟ್ಟುಹೋಗುತ್ತದೆ.

ನಿಂತ ಜಾಗದಲ್ಲಿ ಕರೆಂಟ್ ಎಷ್ಟು ಸಿಗುತ್ತದೆ ಎಂಬುದನ್ನೂ ನೋಡಿಕೊಳ್ಳಿ. 230 ವೋಲ್ಟ್‌ನ 6 ಆಂಪಿಯರ್ ಪಾಯಿಂಟ್ ಎಂದರೆ 1,380 ವಾಟ್, ಅಷ್ಟೇ. ಅದರಲ್ಲಿ 1,000 ವಾಟ್ ಬ್ಲಾಕ್ ಹೀಟರ್ ಓಡುವಾಗ ಯಾರಾದರೂ ಎದ್ದು ಕೆಟಲ್ ಇಟ್ಟರೆ ಟ್ರಿಪ್ ಆಗುತ್ತದೆ. ಅದು ಗೊತ್ತಾಗುವುದು ಸೆಲ್ಫ್ ಹೊಡೆದಾಗಲೇ. ಕರೆಂಟ್ ಇಲ್ಲದ ಕಡೆ ಇನ್ವರ್ಟರಿನಿಂದ ಓಡಿಸುವ ಯೋಚನೆ ಬಿಡಿ: 750 ವಾಟ್ ಮೂರು ಗಂಟೆ ಎಂದರೆ 12 ವೋಲ್ಟ್ ಬ್ಯಾಟರಿಯಿಂದ 190 ಆಂಪಿಯರ್-ಅವರ್, ಇನ್ವರ್ಟರ್ ತಿನ್ನುವುದು ಬೇರೆ. ಅಂಥಲ್ಲಿಗೆ ವೆಬಾಸ್ಟೊ, ಎಬರ್‌ಸ್ಪೆಷರ್‌ನಂಥ ಡೀಸೆಲ್ ಉರಿಸುವ ಕೂಲಂಟ್ ಹೀಟರ್ ಸರಿ. 5 ಕಿಲೋವಾಟ್ ಶಾಖ, ಪೂರ್ತಿ ಓಡಿದರೆ ಗಂಟೆಗೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಡೀಸೆಲ್. ಬ್ಯಾಟರಿಯಿಂದ ಎಳೆಯುವುದು ಹೊತ್ತಿಕೊಂಡ ಮೇಲೆ ಕೆಲವು ಹತ್ತು ವಾಟ್ ಮಾತ್ರ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಮನೆಭಾಗದ ಹೀಟಿಂಗ್ ಪೈಪುಗಳಲ್ಲಿ ಬಿಸಿ ಗ್ಲೈಕಾಲ್ ದ್ರವ ಸುತ್ತುವ ಬಗೆಯದಾಗಿದ್ದರೆ, ಅದರ ಬಿಸಿಯನ್ನು ಇಂಜಿನ್‌ಗೆ ತಿರುಗಿಸುವ ಪಂಪ್ ಮತ್ತು ಸ್ವಿಚ್ ನಿಮ್ಮ ಗಾಡಿಯಲ್ಲಿ ಆಗಲೇ ಇರಬಹುದು. ಎಷ್ಟೋ ಮಂದಿ ಆ ಸ್ವಿಚ್ ಮುಟ್ಟಿಯೇ ಇರುವುದಿಲ್ಲ.

ಇನ್ನು ಬೆಳಗಿನ ಕೆಲಸ. ಮೊದಲು ಪ್ಲಗ್ ಕಿತ್ತು ವೈರು ಸುತ್ತಿಡಿ. ಕೀ ಆನ್ ಮಾಡಿ, ಗ್ಲೋ ದೀಪ (ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್‌ನ ಸೂಚಕ) ಆರುವವರೆಗೆ ಕಾಯಿರಿ. ತೀರಾ ಚಳಿಯಿದ್ದರೆ ಕೀ ಆಫ್ ಮಾಡಿ ಇನ್ನೊಂದು ಸುತ್ತು ಕೊಡಿ. ಒಮ್ಮೆಗೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ಮಧ್ಯೆ ಎರಡು ನಿಮಿಷ ಬಿಡುವು ಕೊಡಿ. ಹೊತ್ತಿಕೊಂಡ ಮೇಲೆ ಒಂದೆರಡು ನಿಮಿಷ ಬಿಟ್ಟು, ಆಯಿಲ್ ಪ್ರೆಶರ್ ನೆಟ್ಟಗಾದಂತೆ ಮೆಲ್ಲಗೆ ಹೊರಟುಬಿಡಿ. ಅರ್ಧ ಗಂಟೆ ಐಡಲ್‌ನಲ್ಲಿ ಬಿಟ್ಟರೆ ಡೀಸೆಲ್ ಇಂಜಿನ್ ಬಿಸಿಯಾಗುವುದಿಲ್ಲ, ಮಸಿ ಮಾತ್ರ ಕಟ್ಟುತ್ತದೆ. ಗ್ಲೋ ಪ್ಲಗ್ ಅಥವಾ ಇನ್‌ಟೇಕ್ ಹೀಟರ್ (ಒಳಬರುವ ಗಾಳಿಯನ್ನು ಬಿಸಿ ಮಾಡುವುದು) ಇರುವ ಇಂಜಿನ್‌ಗೆ, ಬೇಗ ಸ್ಟಾರ್ಟ್ ಆಗಲೆಂದು ಈಥರ್ ಸ್ಪ್ರೇ ಹೊಡೆಯಲೇಬೇಡಿ. ಕೆಂಪಗೆ ಕಾದ ತಂತಿಗೆ ಈಥರ್ ತಗುಲಿದರೆ ಇನ್‌ಟೇಕ್‌ನಲ್ಲೇ ಸಿಡಿಯುತ್ತದೆ.

ಬ್ಲಾಕ್ ಹೀಟರ್ ಆಯಿಲನ್ನು ಅಷ್ಟಾಗಿ ಬಿಸಿ ಮಾಡುವುದಿಲ್ಲ ಎಂಬುದೂ ನೆನಪಿರಲಿ. ಬಿಸಿ ಮೇಲಕ್ಕೆ ಹೋಗುತ್ತದೆ, ಆಯಿಲ್ ನಿಲ್ಲುವ ಸಂಪ್ ಇಂಜಿನ್ನಿನ ಕೆಳಗೆ ಗಾಳಿಗೊಡ್ಡಿ ತೂಗುತ್ತಿರುತ್ತದೆ. ಹಾಗಾಗಿ ಆಯಿಲ್ ಗ್ರೇಡ್ (ಡಬ್ಬಿಯ ಮೇಲಿನ 15ಡಬ್ಲ್ಯೂ, 5ಡಬ್ಲ್ಯೂ ಎಂಬಂಥ ಗುರುತು) ಸರಿಯಿರಬೇಕು. ಚಳಿಯಲ್ಲಿ ಸೆಲ್ಫ್‌ಗೆ ತಿರುಗುವಷ್ಟು ತೆಳುವಾಗಿದೆಯೇ ಎಂದು 15ಡಬ್ಲ್ಯೂ ಆಯಿಲನ್ನು ಪರೀಕ್ಷಿಸುವುದು ಮೈನಸ್ 20ರಲ್ಲಿ, 5ಡಬ್ಲ್ಯೂ ಆದರೆ ಮೈನಸ್ 30ರಲ್ಲಿ. ನಿಮ್ಮ ಇಂಜಿನ್‌ಗೆ ಕಂಪನಿ ಒಪ್ಪಿದ್ದರೆ ಚಳಿಗೆ 5ಡಬ್ಲ್ಯೂ ಹಾಕಿಸಿ.

ಇಷ್ಟೆಲ್ಲ ಮಾಡಿ, ಇಂಜಿನ್ ಸಲೀಸಾಗಿ ಹೊತ್ತಿಕೊಂಡು, ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಶಕ್ತಿ ಕುಂದಿ ನಿಂತುಬಿಟ್ಟರೆ? ಇದನ್ನು ಯಾರೂ ಮುಂಚಿತವಾಗಿ ಕೇಳುವುದಿಲ್ಲ, ಆದರೆ ಮೋಟರ್‌ಹೋಮ್‌ನವರಿಗೇ ಇದು ಹೆಚ್ಚು ಕಾಡುವುದು. ಬೆಚ್ಚಗಿನ ಊರಿನಲ್ಲಿ ದೊಡ್ಡ ಟ್ಯಾಂಕ್ ತುಂಬಿಸಿಕೊಂಡು ಹೊರಡುತ್ತಾರೆ, ಆ ಬೇಸಿಗೆ ಡೀಸೆಲ್ ಮುಗಿಯುವ ಮುಂಚೆಯೇ ಚಳಿಗೆ ಬಂದು ಮುಟ್ಟಿರುತ್ತಾರೆ. ಚಳಿಗೆ ಡೀಸೆಲಿನೊಳಗಿನ ಮೇಣ ಹರಳುಗಟ್ಟಿ ಫಿಲ್ಟರಿನಲ್ಲಿ ಕೂರುತ್ತದೆ. ಬ್ಲಾಕ್ ಹೀಟರ್ ಟ್ಯಾಂಕನ್ನೂ ಬಿಸಿ ಮಾಡುವುದಿಲ್ಲ, ಫಿಲ್ಟರನ್ನೂ ಮಾಡುವುದಿಲ್ಲ.

ಚಳಿ ಪ್ರದೇಶದ ಕಡೆ ಹೊರಟಾಗ ದಾರಿಯಲ್ಲಿ ಟ್ಯಾಂಕ್ ಪೂರ್ತಿ ತುಂಬಿಸದೆ ಇಳಿಸುತ್ತಾ ಬನ್ನಿ. ಕಾಲುಭಾಗಕ್ಕಿಂತ ಕೆಳಗೆ ಮಾತ್ರ ಬೇಡ. ಜನರೇಟರಿಗೂ ಮನೆಭಾಗದ ಡೀಸೆಲ್ ಹೀಟರಿಗೂ ಹೋಗುವ ಪೈಪು ಸಾಮಾನ್ಯವಾಗಿ ಆ ಮಟ್ಟದಲ್ಲೇ ನಿಲ್ಲುತ್ತದೆ. ಆಮೇಲೆ ಅಲ್ಲಿ ಸಿಗುವ, ಚಳಿಗೆ ಬೇಗ ಮೇಣ ಕಟ್ಟದ ಚಳಿಗಾಲದ ಡೀಸೆಲ್ ತುಂಬಿಸಿ, ಹೊಸದು ಫಿಲ್ಟರ್ ಮುಟ್ಟುವಂತೆ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿಯೇ ರಾತ್ರಿಗೆ ನಿಲ್ಲಿಸಿ. ಮೇಣ ಕಟ್ಟದಂತೆ ಹಾಕುವ ಅಡಿಟಿವ್ ಬಳಸುವುದಾದರೆ ಡೀಸೆಲ್ ಇನ್ನೂ ತಿಳಿಯಾಗಿರುವಾಗಲೇ ಹಾಕಬೇಕು. ಒಮ್ಮೆ ಹರಳುಗಟ್ಟಿದ ಮೇಲೆ ಅದು ಮೇಣವನ್ನು ಕರಗಿಸದು. ಆಗ ಹೊಸ ಫಿಲ್ಟರ್ ಹಾಕಿ, ಗಾಡಿಯನ್ನು ಬೆಚ್ಚಗಿನ ಶೆಡ್‌ಗೆ ಎಳೆಸಬೇಕಾಗುತ್ತದೆ. ಆದ್ದರಿಂದ ಚಳಿಗೆ ಹೊರಡುವಾಗ ಒಂದು ಹೊಸ ಡೀಸೆಲ್ ಫಿಲ್ಟರ್, ಅದನ್ನು ಬಿಚ್ಚುವ ಸ್ಪ್ಯಾನರ್ ಗಾಡಿಯಲ್ಲೇ ಇರಲಿ.